ಮಾಗಿಯಲ್ಲಿ ಬಿಸಿಲು ಕಾಣದ ಶೆಡ್ಡು

ಎಮರ್ಜೆನ್ಸಿ ಕಾಲದಲ್ಲಿ ನಾನು ಹೊಸದುರ್ಗ ತಾಲೂಕು ಶ್ರೀರಾಂಪುರದ ಆಚೆ ಒಂದು ಕುರಿ ಫಾರಂನಲ್ಲಿ ದಿನಗೂಲಿ ಆಳು. ಆ ಫಾರಂ ಈಗಿಲ್ಲ, ಹೆಸರು ಬೇಡ. ಮರಿ ನೋಡಿಕೊಳ್ಳೋದು ನನ್ನ ಕೆಲಸ. ತಾಯಿ ಹಾಲು ಸಾಲದ ಮರಿಗೆ ಸೀಸೆಯಲ್ಲಿ ಕುಡಿಸಬೇಕು, ಬೆಳಿಗ್ಗೆ ಬಿಸಿಲು ಕಾಯಿಸಬೇಕು. ಸೀಮೆ ಟಗರಿಗೂ ನಾಡ ಕುರಿಗೂ ಹುಟ್ಟಿದ ಮರಿಗಳು. ಉಣ್ಣೆ ಚೆನ್ನಾಗಿ ಬರುತ್ತದೆ, ಎಳೇದರಲ್ಲಿ ಥಂಡಿ ನೆಲ ತಡೆಯೋದಿಲ್ಲ.

ವೈಶಾಖದಲ್ಲಿ ಹೊಸ ಶೆಡ್ ಕಟ್ಟಿಸೋಕೆ ಓವರ್‌ಸಿಯರ್ ಬಂದ. ಬಂಡೆಗುಡ್ಡದ ಬುಡದಲ್ಲಿ ಸುಣ್ಣದ ಗೆರೆ ಎಳೆಸಿದ. ಮೂಡಲಿಗೆ ಮುಖ ಮಾಡಿ ನಿಂತರೆ ಗುಡ್ಡ ಬಲಗಡೆ ಮುಂದಕ್ಕೆ ಚಾಚಿತ್ತು, ನೇರ ಎದುರಿಗೆ ಬಯಲು. ಬೆಳಗಿನ ಬಿಸಿಲು ಗೆರೆ ತುಂಬ ಬಿದ್ದಿತ್ತು.

"ಸ್ವಾಮಿ, ಇವತ್ತಿನ ಬಿಸಿಲು ನೋಡಿ ಕಟ್ಟಬ್ಯಾಡ್ರಿ. ಪುಷ್ಯದಾಗೆ ಹೊತ್ತು ತೆಂಕಲಿಗೆ ಸರೀತೈತೆ, ಗುಡ್ಡ ಅಡ್ಡ ಬರ್ತೈತೆ," ಅಂದೆ.

"ಸೂರ್ಯ ಏನು ನಿಮ್ಮನೆ ಟಗರೇನಮ್ಮ, ಮೇವು ನೋಡ್ಕೊಂಡು ಅತ್ಲಾಗೆ ಇತ್ಲಾಗೆ ಹೋಗಾಕೆ? ಹುಟ್ಟೋದು ಪೂರ್ವಕ್ಕೆ. ನೀನು ಹಿಕ್ಕೆ ಗುಡಿಸು ಹೋಗು."

ಗಾರೆಯವರೆಲ್ಲ ನಕ್ಕರು. ಮಾಗಿ ಬಂದರೆ ನಮ್ಮಪ್ಪ ಕುರಿಹಟ್ಟಿಯ ಮುಳ್ಳುಬೇಲಿ ಕಿತ್ತು, ಗುಡ್ಡದ ನೆರಳು ಬೀಳದ ಕಡೆ ಹಾಕುತ್ತಿದ್ದ. ಬೇಲಿ ಕೀಳಬಹುದು. ಸಿಮೆಂಟ್ ಗೋಡೆ ಕೀಳೋಕಾಗುತ್ತಾ?

ಪುಷ್ಯ ಬಂತು. ಹೊತ್ತು ಗುಡ್ಡದ ಹಿಂದೆ ಹುಟ್ಟಿತು. ಶೆಡ್ಡಿನ ನೆಲ ಮಧ್ಯಾಹ್ನದವರೆಗೂ ಆರುತ್ತಿರಲಿಲ್ಲ, ಮರಿಗಳು ಗಂಜಳದಲ್ಲೇ ಮಲಗುತ್ತಿದ್ದವು. ಊರ ಕುರಿಗಳ ರೋಗ ತಗಲುತ್ತೆ, ಮರಿ ಶೆಡ್ ದಾಟಬಾರದು ಅಂತ ಆರ್ಡರ್ ಇತ್ತು. ಹದಿನೈದು ದಿನದಲ್ಲಿ ಹನ್ನೊಂದು ಮರಿ ಎದೆ ಕಟ್ಟಿ ಸತ್ತವು. ನ್ಯುಮೋನಿಯಾ ಅಂತಾರೆ. ಆಮೇಲೆ ನನಗೆ ಮೆಮೊ ಬಂತು. ಗುಮಾಸ್ತ ಓದಿ ಹೇಳಿದ: ಆಳಿನ ಅಜಾಗರೂಕತೆಯಿಂದ ಮರಿಗಳು ಸತ್ತಿವೆ, ಕೆಲಸದಿಂದ ಯಾಕೆ ತೆಗೆಯಬಾರದು?

ವಿಚಾರಣೆಗೆ ಚಿತ್ರದುರ್ಗದಿಂದ ಪಶು ಇಲಾಖೆಯ ದೊಡ್ಡ ಡಾಕ್ಟರು ಬೆಳಿಗ್ಗೆ ಏಳಕ್ಕೇ ಜೀಪಿನಲ್ಲಿ ಬಂದರು. ಜೊತೆಗೆ ಓವರ್‌ಸಿಯರ್. ಮರಿಗಳ ನಡುವೆ ಗೋಣಿಚೀಲ ಹಾಸಿದೆ.

"ಕುಂತ್ಕಳ್ರಿ ಸಾರ್. ಬಿಸಿಲು ಬರೋತಂಕ ಏಳಬ್ಯಾಡ್ರಿ. ಆಮೇಲೆ ನನ್ನ ತೆಗೀರಿ."

ಏನನ್ನಿಸಿತೋ, ಡಾಕ್ಟರು ಮಫ್ಲರ್ ಸುತ್ತಿಕೊಂಡು ಕೂತರು. ಹಳ್ಳದ ಆಚೆ ಊರವರ ಹಟ್ಟಿಯಲ್ಲಿ ಆಗಲೇ ಬಿಸಿಲು ಬಿದ್ದು ಮರಿಗಳು ನೆಗೆಯುತ್ತಿದ್ದವು. ಸ್ವಲ್ಪ ಹೊತ್ತಿಗೆ ಚೀಲ ನೆಂದು, ಪ್ಯಾಂಟಿಗೆ ಥಂಡಿ ಹತ್ತಿ ಎದ್ದರು.

"ಮರಿ ಎದ್ದು ಹೋಗಂಗಿರ್ಲಿಲ್ಲ ಸಾರ್," ಅಂದೆ.

ಮತ್ತೆ ಕೂತರು. ಗುಡ್ಡ ದಾಟಿ ಬಿಸಿಲು ಒಳಗೆ ಬಂದಾಗ ಅವರ ವಾಚಿನಲ್ಲಿ ಒಂಬತ್ತು ದಾಟಿತ್ತು.

"ನೀನು ಹೇಳಿದ್ದು ಸರಿ ಕಣಮ್ಮ," ಅಂದರು. "ಭೂಮಿ ನೆಟ್ಟಗೆ ನಿಂತು ತಿರುಗಲ್ಲ. ಓರೆಯಾಗಿ ಸೂರ್ಯನ್ನ ಸುತ್ತುತ್ತೆ. ಅದಕ್ಕೇ ಬೇಸಿಗೆಯಲ್ಲಿ ಸೂರ್ಯ ಉತ್ತರಕ್ಕೆ, ಚಳಿಗಾಲದಲ್ಲಿ ದಕ್ಷಿಣಕ್ಕೆ ಸರಿದಂಗೆ ಕಾಣೋದು. ಮಿಡ್ಲ್ ಸ್ಕೂಲ್ ಪುಸ್ತಕದಲ್ಲೇ ಇದೆ."

"ಹಂಗಾರೆ ಓವರ್‌ಸಿಯರೂ ಓದಿರಬೇಕಲ್ಲ ಸಾರ್?"

ಓವರ್‌ಸಿಯರ್ ತಗಡಿನ ಸೂರು ನೋಡುತ್ತಾ ನಿಂತ. ನನಗೆ ಮೈಯೆಲ್ಲ ಉರಿಯಿತು. ಗೊತ್ತಿಲ್ಲದೆ ಮಾಡಿದ್ದರೆ ಬಿಡಬಹುದಿತ್ತು. ಓದಿದ್ದ, ಪಾಸೂ ಆಗಿದ್ದ. ಕಣ್ಣಾರೆ ಕಂಡವಳು ಬಂದು ಹೇಳಿದರೆ ಹಿಕ್ಕೆ ಗುಡಿಸು ಅಂದ.

ಡಾಕ್ಟರು ಹೇಳಿದ ಮೇಲೆ ಅವತ್ತೇ ಮರಿಗಳನ್ನು ಹಳ್ಳ ದಾಟಿಸಿ ಮುಳ್ಳುಬೇಲಿ ಹಾಕಿದೆವು. ಆ ಮಾಗಿಯಲ್ಲಿ ಮತ್ತೆ ಒಂದೂ ಸಾಯಲಿಲ್ಲ. ಮೆಮೊ ವಾಪಸ್ ತೆಗೆದರು. ರಿಪೋರ್ಟ್ ಏನಾಯ್ತು ಅಂತ ಗುಮಾಸ್ತನನ್ನು ಕೇಳಿದೆ. "ಅತಿಯಾದ ಚಳಿಯಿಂದ ಸಾವು ಅಂತ ಬರೆದಿದ್ದಾರೆ ಬಿಡಕ್ಕ," ಅಂದ. ನನ್ನ ಹೆಸರು ಹೊಡೆದ ಜಾಗಕ್ಕೆ ಚಳಿಯನ್ನು ಕೂರಿಸಿದರು. ಗೋಡೆ ಕಟ್ಟಿಸಿದವನ ಹೆಸರು ಎಲ್ಲೂ ಇರಲಿಲ್ಲ.

ಜೀವ ಇರೋ ಜಾಗಕ್ಕೆ ಗೋಡೆ ಕಟ್ಟೋ ಮುಂಚೆ ಹನ್ನೆರಡು ತಿಂಗಳ ಬಿಸಿಲು ನೋಡಿ, ಇಲ್ಲ ನೋಡಿದವರನ್ನು ಕೇಳಿ. ಆ ಕೆಲಸ ಕಲಿಸಿದ್ದು ಅದು. ಇನ್ನೊಂದೂ ಇದೆ. ಮೊದಲ ಮರಿ ಸತ್ತ ದಿನವೇ ನಾನು ಆರ್ಡರ್ ಮುರಿದು ಉಳಿದವನ್ನು ಹಳ್ಳ ದಾಟಿಸಬೇಕಿತ್ತು. ಕೆಲಸ ಹೋಗುತ್ತೆ ಅಂತ ಹೆದರಿ, ಹತ್ತು ಮರಿ ಸಾಯೋದನ್ನು ನೋಡುತ್ತಾ ಕೂತೆ. ಓವರ್‌ಸಿಯರ್ ಮೇಲಿನ ಸಿಟ್ಟು ಅರ್ಧ ಇಳಿದಿದೆ. ನನ್ನ ಮೇಲಿನದು ಇಳಿದಿಲ್ಲ.