ಬಾಂದ್ರಾದಲ್ಲಿ ಖಾಲಿಯಾಗುವ ಸೀಟು

ಬೆಳಗಿನ ಚರ್ಚ್‌ಗೇಟ್ ಲೋಕಲ್ ರೈಲಿನ ಲೇಡೀಸ್ ಡಬ್ಬಿಗೆ ಜೋಗೇಶ್ವರಿಯಲ್ಲಿ ನಾಗರತ್ನಾ ಹತ್ತಿದಳೆಂದರೆ ತೂಕಡಿಸುವವರೆಲ್ಲ ನೆಟ್ಟಗೆ ಕೂರುತ್ತೇವೆ. ಕಲಬುರಗಿ ಕಡೆಯ ಹೆಂಗಸು. ಚರ್ಚ್‌ಗೇಟಿನ ಒಂದು ಆಫೀಸಿನಲ್ಲಿ ಚಹಾ ಮಾಡುವ, ನೆಲ ಒರೆಸುವ ಕೆಲಸ. ಚೀಲ ಮೇಲಿಡುವ ಮೊದಲೇ ಅವಳ ವಿಚಾರಣೆ ಶುರು. "ನೀ ಎಲ್ಲಿ ಇಳೀತಿ? ನೀ?" ಇಳಿಯುವವರ ಸೀಟನ್ನು ಮೊದಲೇ ಹೇಳಿಟ್ಟುಕೊಳ್ಳುವುದು ನಮ್ಮ ಡಬ್ಬಿಯ ಪದ್ಧತಿ. ಆದರೆ ಇವಳ ಹಾಗೆ ಗಂಟಲು ಹರಿದುಕೊಂಡು ಯಾರೂ ಕೇಳುವುದಿಲ್ಲ. ನಾನು, ಮೋಹಿನಿ, ಬೋರಿವಲಿಯಲ್ಲೇ ಹತ್ತಿ ಕಿಟಕಿ ಹಿಡಿಯುವವಳು. ಆ ದನಿ ಕೇಳಿದರೆ ಬೆಳಬೆಳಗ್ಗೆ ನನಗೆ ತಲೆ ಚಿಟ್ಟು ಹಿಡಿಯುತ್ತದೆ.

ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಪ್ರಣೀತಾ. ನಮ್ಮ ಉಡುಪಿ ಕಡೆಯ ಹೋಟೆಲಿನವರ ಮಗಳು, ಬಾಂದ್ರಾದಲ್ಲಿ ಕಾಲೇಜು. ಎರಡು ವರ್ಷದಿಂದ ಅವಳ ಸೀಟು ಬಾಂದ್ರಾದಿಂದ ಮುಂದಕ್ಕೆ ನಾಗರತ್ನಾಳದು. ಹುಡುಗಿ ಅವಳನ್ನು ಕರೆಯುವುದು ಮೌಸಿ, ಅಂದರೆ ಚಿಕ್ಕಮ್ಮ ಎಂದು.

ಒಂದು ದಿನ ಬಾಂದ್ರಾ ಬಂತು, ಹುಡುಗಿ ಏಳಲಿಲ್ಲ. ರೈಲು ಹೊರಟೇಬಿಟ್ಟಿತು.

"ಏ ಹುಡುಗಿ! ಬಾಂದ್ರಾಕ್ಕ ಇಳೀತೀನಿ ಅಂದಿದ್ದೆಲ್ಲ? ನಿನ್ನ ನಂಬಿ ಆ ಮೂಲಿ ಸೀಟ ಬಿಟ್ಟ ಕೊಟ್ಟೀನಿ! ಎದಕ್ಕ ಸುಳ್ಳ ಹೇಳ್ದಿ?"

ಪ್ರಣೀತಾ ಗಳಗಳನೆ ಅತ್ತಳು. "ಇಳೀಬೇಕಿತ್ತು ಮೌಸಿ. ಕಾಲೇ ಎದ್ದಿಲ್ಲ."

ಮಾಹಿಮ್ ದಾಟುವಷ್ಟರಲ್ಲಿ ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ವಿಷಯ ಹೊರಬಂತು. ಪ್ರಾಜೆಕ್ಟ್ ನೋಡುವ ಪ್ರೊಫೆಸರ್ ಲ್ಯಾಬಿನಲ್ಲಿ ಒಬ್ಬಳೇ ಸಿಕ್ಕಾಗ ಮೈಮೇಲೆ ಕೈ ಹಾಕಿದ್ದ. ಹುಡುಗಿ ಧೈರ್ಯ ಮಾಡಿ ಕಾಲೇಜಿನ ಸಮಿತಿಗೆ ದೂರು ಕೊಟ್ಟಿದ್ದಳು. ಅವರು ವಿಚಾರಣೆಗೆ ಕರೆದರೆ, ಮೊದಲ ಸಲ ಮನೆಯಿಂದಲೇ ಹೊರಡಲಾಗಲಿಲ್ಲ, ಈ ಸಲ ಬಾಂದ್ರಾದಲ್ಲಿ ಇಳಿಯಲಾಗಲಿಲ್ಲ. ಸೋಮವಾರ ಕೊನೆಯ ಸಲ. ಹೋಗದಿದ್ದರೆ ದೂರು ಮುಚ್ಚಿಹೋಗುತ್ತದೆ, ಇವಳ ಓದೂ ಅಲ್ಲಿಗೇ ಮುಗಿಯುತ್ತದೆ. ಮನೆಯಲ್ಲಿ ಹೇಳಿದರೆ ಕಾಲೇಜು ಬಿಡಿಸುತ್ತಾರೆಂಬ ಭಯ ಬೇರೆ. ದಿನಾ ಪಕ್ಕದಲ್ಲಿ ಕೂತು ನಾನು ನಿದ್ದೆ ಮಾಡುತ್ತಿದ್ದೆನಲ್ಲ!

"ಅವನ ಮನಿ ಎಲ್ಲೈತಿ ಹೇಳವಾ," ಎಂದಳು ನಾಗರತ್ನಾ. "ಇಡೀ ಡಬ್ಬಿನ ಇಳಿದು ಹೋಗೂಣು."

ಅಳುವಿನ ನಡುವೆಯೇ ಹುಡುಗಿಗೆ ನಗು ಬಂತು. "ಹಾಗೆಲ್ಲ ಇಲ್ಲ ಮೌಸಿ. ಕೌನ್ಸೆಲರ್ ಮೇಡಂ ಹೇಳಿದ್ದಾರೆ, ಜೊತೆಗೆ ಒಬ್ಬರು ಬರಬಹುದು. ಹೊರಗೆ ಕೂರಬೇಕು. ಮಾತಾಡಬಾರದು."

"ನಾ ಬರ್ತೀನಿ," ಎಂದವಳ ಮುಖ ಮರುಕ್ಷಣವೇ ಇಳಿಯಿತು. "ಹೂಂ ಅನ್ನಾಕೂ ಬರಂಗಿಲ್ಲೇನು?"

"ಮಾರಾಯ್ತಿ, ನಿನ್ನಿಂದ ಆಗ್ತದಾ ಅದು?" ಎಂದೆ ನಾನು. ಡಬ್ಬಿಗೆ ಡಬ್ಬಿಯೇ ನಕ್ಕಿತು.

ಸೋಮವಾರ ಪ್ರಣೀತಾ ಅಂಧೇರಿಯಿಂದಲೇ ಬೆವರುತ್ತಿದ್ದಳು. ಖಾರ್ ದಾಟಿತು, ಬಾಂದ್ರಾ ಬಂತು. ಹುಡುಗಿ ಅಲುಗಲಿಲ್ಲ. ನಾನು ಬೆನ್ನು ಸವರಿ ಏನೋ ಸಮಾಧಾನ ಹೇಳಹೊರಟೆ. ಅಷ್ಟರಲ್ಲಿ ಸಿಡಿಲು.

"ಬಾಂದ್ರಾ ಬಂತು, ಏಳು! ಸೀಟ ನಂದು!"

ಎರಡು ವರ್ಷದ ಅಭ್ಯಾಸ ನೋಡಿ, ಹುಡುಗಿ ಧಡಕ್ಕನೆ ಎದ್ದು ನಿಂತಳು. ನಾಗರತ್ನಾ ಸೀಟಿನ ಕಡೆ ತಿರುಗಿಯೂ ನೋಡದೆ ಅವಳ ಮೊಣಕೈ ಹಿಡಿದು, ಜನರನ್ನು ದಬ್ಬಿಕೊಂಡು ಇಳಿದೇಬಿಟ್ಟಳು. ಖಾಲಿ ಸೀಟಿಗೆ ಒಬ್ಬಳು ಬಂದಳು. ನಾನು ನನ್ನ ಚೀಲ ಇಟ್ಟೆ.

"ಇಲ್ಲಿ ಜನ ಇದ್ದಾರೆ."

"ಎಲ್ಲಿ?"

"ಬಾಂದ್ರಾದಲ್ಲಿ ಇಳಿದಿದ್ದಾರೆ."

ಚರ್ಚ್‌ಗೇಟ್‌ವರೆಗೂ ಜಗಳವಾಡಿದೆ, ಯಾರಿಗೂ ಬಿಡಲಿಲ್ಲ. ಹುಚ್ಚಿ ಎಂದರು, ಅನ್ನಲಿ.

ಮಂಗಳವಾರ ನಾಗರತ್ನಾ ಹತ್ತಿದವಳೇ ವರದಿ ಒಪ್ಪಿಸಿದಳು. "ಬಾಗಿಲ ಹೊರಗ ಬಾಯಾಗ ಸೆರಗ ತುರುಕ್ಕೊಂಡು ಕುಂತಿದ್ದೆ ಅಕ್ಕಾರ. ಈಕಿ ಒಳಗ ಮಾತಾಡಿದ್ದು ಹೊರಗ ನನಗ ಕೇಳಸ್ತಿತ್ತು! ನನ್ನಂಗ ಜೋರ!" ನನ್ನ ಕಣ್ಣು ತುಂಬಿತು. ತೀರ್ಪಿಗೆ ಇನ್ನೂ ಸಮಯವಿದೆಯಂತೆ. ಸದ್ಯಕ್ಕೆ ಹುಡುಗಿಯ ಪ್ರಾಜೆಕ್ಟಿಗೆ ಬೇರೆ ಗೈಡ್ ಕೊಟ್ಟಿದ್ದಾರೆ.

ಅಷ್ಟು ಹೇಳಿ ಅವಳು ಎಂದಿನಂತೆ ಸೊಂಟಕ್ಕೆ ಕೈಯಿಟ್ಟು ಪ್ರಣೀತಾಳ ಮುಂದೆ ನಿಂತಳು. "ನೀ ಎಲ್ಲಿ ಇಳೀತಿ?"

"ಬಾಂದ್ರಾ, ಮೌಸಿ. ಕ್ಲಾಸ್ ಇದೆ."

ಬಾಂದ್ರಾ ಬಂತು. ಯಾರೂ ಕೂಗಲಿಲ್ಲ. ಹುಡುಗಿ ತಾನೇ ಎದ್ದು ಇಳಿದು ಹೋದಳು. ನಾಗರತ್ನಾ ನನ್ನ ಸೆರಗಿನ ಮೇಲೆಯೇ ಧೊಪ್ಪನೆ ಕೂತಳು. ಚರ್ಚ್‌ಗೇಟ್ ಬರುವವರೆಗೆ ನಾನು ಅದನ್ನು ಎಳೆದುಕೊಳ್ಳಲಿಲ್ಲ.