ನೀರಿನ ಸುದ್ದಿ ಹೇಳುವವನು

ಆ ಏಳು ಬೀದಿಗಳಲ್ಲಿ ಅವನ ಮುಖ ಗೊತ್ತಿದ್ದವರು ಕಡಿಮೆ, ದನಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಮೂರು ಚಕ್ರದ ಗಾಡಿ, ಅದರ ನೆತ್ತಿಯ ಮೇಲೆ ಬಾಯಿ ತೆರೆದ ಎರಡು ಸ್ಪೀಕರು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಮೈಕು. ಜನ ಅವನನ್ನು ಮೈಕಣ್ಣ ಎನ್ನುತ್ತಿದ್ದರು. ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಬಿಡುತ್ತಾರೆ ಎಂದು ಸಾರುವುದು ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ. "ಗಮನಿಸೀ, ಗಮನಿಸೀ, ನೀರಿನ ಸುದ್ದೀ" ಎಂದು ಅವನು ಎಳೆದು ಕೂಗಿದರೆ ಸಾಕು, ಒಲೆಯ ಮೇಲಿನದು ಸೀದು ಹೋದರೂ ಚಿಂತೆಯಿಲ್ಲ, ಹೆಂಗಸರು ಗಂಡಸರೆನ್ನದೆ ಕೊಡ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಅವನು ನಾಲ್ಕು ಗಂಟೆ ಎಂದರೆ ನಾಲ್ಕಕ್ಕೇ ನಲ್ಲಿ ಬುಸುಗುಡುತ್ತಿತ್ತು. ಒಂದು ದಿನವೂ ತಪ್ಪಿದ್ದಿಲ್ಲ.

ತಪ್ಪದಿರುವುದಕ್ಕೆ ಕಾರಣ ಅವನ ಹೆಂಡತಿಯ ತಮ್ಮ. ಪಂಪ್‌ಹೌಸಿನಲ್ಲಿ ವಾಲ್ವ್ ತಿರುಗಿಸುವವನು, ಎಲ್ಲರ ಬಾಯಲ್ಲಿ ನಲ್ಲಿಯಣ್ಣ. ಮೈಕಣ್ಣನ ಗಾಡಿ ಏಳನೆಯ ಬೀದಿ ದಾಟಿದ ಸದ್ದು ಕಿವಿಗೆ ಬೀಳುವವರೆಗೆ ಅವನು ವಾಲ್ವ್ ಮುಟ್ಟುತ್ತಿರಲಿಲ್ಲ. "ನೀನು ಕೂಗು ಭಾವ, ನಾನು ಬಿಡ್ತೀನಿ" ಎನ್ನುತ್ತಿದ್ದ. ಹಿಂದೊಮ್ಮೆ ಪಂಪ್‌ಹೌಸನ್ನು ಗುತ್ತಿಗೆದಾರನ ಕೈಗೆ ಕೊಡಲು ಹೊರಟಾಗ ಇವರಿಬ್ಬರೇ ಏಳು ಬೀದಿಯ ಜನರನ್ನು ಖಾಲಿ ಕೊಡದ ಸಮೇತ ನೀರಿನ ಆಫೀಸಿನ ಮುಂದೆ ಒಂಬತ್ತು ದಿನ ಕೂರಿಸಿದ್ದರು. ನಲ್ಲಿಯಣ್ಣನ ಲೆಕ್ಕಾಚಾರ, ಮೈಕಣ್ಣನ ಗಂಟಲು. ಆಫೀಸಿನವರು ಮಣಿದರು.

ಈ ಸಲ ಅದೇ ಗುತ್ತಿಗೆದಾರನ ಕಡೆಯವರು ವಾರ್ಡಿನ ಚುನಾವಣೆಗೆ ನಿಂತರು. ನಲ್ಲಿಯಣ್ಣ ಕೆಲಸ ಬಿಟ್ಟು ಅವರ ಎದುರಿಗೆ ನಿಂತ. ಮೈಕಣ್ಣನ ಗಾಡಿ ಹಗಲೆಲ್ಲ ಭಾವಮೈದನ ಪರವಾಗಿ ಸುತ್ತಿತು. ಗೆಲುವು ಕೈಯಲ್ಲೇ ಇದೆ ಎಂದುಕೊಂಡಿದ್ದರು.

ಆಮೇಲೆ ಆ ವಿಡಿಯೊ ಬಂತು. ಎಂಟು ಸೆಕೆಂಡಿನದು. ನಲ್ಲಿಯಣ್ಣ ಯಾರದೋ ಜಗಲಿಯ ಮೇಲೆ ಕೂತು ನಗುತ್ತಾ ಹೇಳುತ್ತಾನೆ: "ನಮ್ಮ ಭಾವ ಏನು, ಬರೀ ಬೊಗಳೋ ಡಬ್ಬ." ಅಷ್ಟೇ. ಒಂದೇ ಬೆಳಿಗ್ಗೆ ಹನ್ನೊಂದು ಜನ ಅದನ್ನು ಮೈಕಣ್ಣನ ಫೋನಿಗೆ ಕಳಿಸಿದರು. ಕ್ಷೌರದವನಂತೂ ಗಡ್ಡಕ್ಕೆ ನೊರೆ ಹಚ್ಚಿದ ಗಿರಾಕಿಯನ್ನು ಹಾಗೇ ಕೂರಿಸಿ ರಸ್ತೆಗೇ ಬಂದ. "ಹೆಂಡ್ತಿ ತಮ್ಮ ನಿನ್ನನ್ನ ಎಷ್ಟು ಎತ್ತಿ ಮೆರೆಸ್ತಿದ್ದಾನಪ್ಪಾ! ಎಲ್ಲಿ, ಒಂದ್ಸಲ ಬೊಗಳು ನೋಡೋಣ."

ಮೈಕಣ್ಣನ ಮೈಯೆಲ್ಲ ಹೊತ್ತಿಕೊಂಡಿತು. ಮನೆಗೆ ಬಂದವನೇ ಗಾಡಿಯ ಮೇಲಿನ ಭಾವಮೈದನ ಪೋಸ್ಟರನ್ನು ಉಗುರಿನಿಂದ ಕೆರೆದ.

"ನಾಲ್ಕು ಹೆಜ್ಜೆ ಆಚೆ ಅವನ ಮನೆ" ಎಂದಳು ಹೆಂಡತಿ. "ಹೋಗಿ ಅವನನ್ನೇ ಕೇಳು."

"ಕಣ್ಣಾರೆ ನೋಡಿದ್ದೀನಿ, ಕಿವಿಯಾರೆ ಕೇಳಿದ್ದೀನಿ. ಇನ್ನೇನೇ ಕೇಳೋದು?"

ಜೀವಮಾನವೆಲ್ಲ ಡಬ್ಬದೊಳಗಿಂದ ದನಿ ಬಿಟ್ಟವನಿಗೆ, ಡಬ್ಬದೊಳಗಿಂದ ಬರುವ ದನಿಯನ್ನು ಒಂದು ಸಲ ಅನುಮಾನಿಸಬೇಕು ಎಂದು ಹೊಳೆಯಬಾರದೇ? ಹೊಳೆಯಲಿಲ್ಲ. ಸಿಟ್ಟು ನೆತ್ತಿಗೇರಿದ ಗಂಡಸಿಗೆ ಏನೂ ಹೊಳೆಯುವುದಿಲ್ಲ.

ಪ್ರಚಾರದ ಕೊನೆಯ ದಿನ ಮಧ್ಯಾಹ್ನ ಮೂರಕ್ಕೆ ಗುತ್ತಿಗೆದಾರನ ಕಡೆಯ ಕನ್ನಡಕದವನು ಬಂದು ಒಂದು ಚೀಟಿ ಕೊಟ್ಟ. ಪಂಪ್‌ಹೌಸನ್ನು ಗುತ್ತಿಗೆಗೆ ಬಿಟ್ಟುಕೊಡಲು ನಲ್ಲಿಯಣ್ಣನೇ ಗುಟ್ಟಾಗಿ ಸಹಿ ಹಾಕಿದ್ದಾನೆ, ಗೆದ್ದರೆ ಮನೆಮನೆಗೂ ಮೀಟರು ಎಂದು ನಾಲ್ಕು ಸಾಲು.

"ಇದು ನಿಜಾನಾ?"

"ಐದಕ್ಕೆ ಮೈಕೆಲ್ಲ ಬಂದ್. ಒಂದೇ ಒಂದು ಸುತ್ತು ಸಾಕು" ಎಂದ ಕನ್ನಡಕದವನು. "ಬೊಗಳೋ ಡಬ್ಬ ಅಂದವನು ಇಷ್ಟು ಮಾಡಿರಲ್ಲ ಅಂತೀಯಾ?"

ಮೈಕಣ್ಣ ಗಾಡಿ ಹೊರಡಿಸಿದ. ಪಕ್ಷದ ಮಾತು ಹೇಳುವಾಗ "ಮತದಾರ ಬಂಧುಗಳೇ" ಎಂದು ಶುರು ಮಾಡುವುದು ಅವನ ಪದ್ಧತಿ. ಆದರೆ ಚೀಟಿಯಲ್ಲಿದ್ದದ್ದು ಪಂಪ್‌ಹೌಸು, ಮೀಟರು, ನಲ್ಲಿ. ಮೈಕಿನ ಗುಂಡಿ ಒತ್ತಿದೊಡನೆ ನಾಲಗೆ ತನ್ನ ಪಾಡಿಗೆ ತಾನು ಹಳೆಯ ದಾರಿ ಹಿಡಿಯಿತು: "ಗಮನಿಸೀ, ಗಮನಿಸೀ, ನೀರಿನ ಸುದ್ದೀ."

ಜನ ಕೊಡ ಹಿಡಿದು ಹೊರಗೆ ಬಂದರು. ಬಂದವರು ಕೊಡ ಹಿಡಿದುಕೊಂಡೇ ಉಳಿದದ್ದನ್ನು ಕೇಳಿಸಿಕೊಂಡರು. ಮಹಡಿ ಮನೆಯ ಅಜ್ಜಿ ಕಿಟಕಿಯ ಸರಳು ಹಿಡಿದು, "ಅಯ್ಯೋ, ಅವನೂ ಹೀಗೇನಾ!" ಎಂದಳು. ಆ ಖಾಲಿ ಕೊಡಗಳನ್ನು ಕಂಡಾಗ ಮೈಕಣ್ಣನಿಗೆ ತಾನು ಮಾಡಿದ್ದೇನೆಂದು ತಿಳಿಯಿತು. ಇದು ಆಫೀಸಿನ ಸುದ್ದಿಯಲ್ಲ, ಚುನಾವಣೆಯ ಮಾತು ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಎರಡನೆಯ ಬೀದಿಗೆ ತಿರುಗಿದ, ಅಲ್ಲಿಯೂ ಹಾಗೆಯೇ ಶುರು ಮಾಡಿದ. ಮೊದಲ ಬೀದಿಯಲ್ಲಿ ಆದದ್ದು ಬಾಯಿ ತಪ್ಪಿ, ಉಳಿದ ಆರರಲ್ಲಿ ಬೇಕೆಂದೇ. ಆ ಸತ್ಯವನ್ನು ನಾನು ಯಾಕೆ ಮುಚ್ಚಿಡಲಿ?

ಮರುದಿನ ಬೆಳಿಗ್ಗೆ ಹೆಂಡತಿ ಅವನ ತಟ್ಟೆಯ ಪಕ್ಕ ಫೋನು ಇಟ್ಟಳು. ಆ ಜಗಲಿಯ ಮನೆಯವರ ಹತ್ತಿರ ಪೂರ್ತಿ ವಿಡಿಯೊ ಇತ್ತಂತೆ, ಬೇಡಿ ತರಿಸಿಕೊಂಡಿದ್ದಳು. "ನಮ್ಮ ಭಾವ ಏನು, ಬರೀ ಬೊಗಳೋ ಡಬ್ಬ," ನಲ್ಲಿಯಣ್ಣ ನಗುತ್ತಿದ್ದ, "ಅಂತ ಆಫೀಸಿನೋರು ಆವತ್ತು ಆಡ್ಕೊಂಡ್ರು. ಆ ಡಬ್ಬ ಒಂಬತ್ತು ದಿನ ಕೂಗಿದ್ದಕ್ಕೇ ಇವತ್ತು ನಿಮ್ಮನೇಲಿ ನೀರು ಬರ್ತಿರೋದು, ತಿಳ್ಕೊಳ್ಳಿ."

ಮೈಕಣ್ಣ ತುತ್ತು ಬಿಟ್ಟು ಎದ್ದ. ಅವಳು ಒಂದು ಮಾತೂ ಬೈಯಲಿಲ್ಲ. ಎರಡು ಸೀರೆ ಮಡಿಸಿ ಚೀಲಕ್ಕೆ ಹಾಕಿಕೊಂಡು ತಮ್ಮನ ಮನೆಗೆ ಹೋದಳು.

ಮತದಾನಕ್ಕೆ ಒಂದೇ ದಿನ. ಮೈಕು ಹಚ್ಚಿದರೆ ಪೊಲೀಸು. ಸರಿ, ಕಾಲ್ನಡಿಗೆಯಲ್ಲೇ ಹೊರಟ. ಮೊದಲ ಬಾಗಿಲು ಬಡಿದ.

"ಯಾರು?"

"ನಾನು, ಮೈಕಣ್ಣ. ನಿನ್ನೆ ಹೇಳಿದ್ದು ಸುಳ್ಳು. ಅವನು ಯಾವ ಸಹೀನೂ ಹಾಕಿಲ್ಲ."

ಒಳಗಿನವಳು ಬಾಗಿಲು ಅರ್ಧ ತೆರೆದು ಮೇಲಿಂದ ಕೆಳಗೆ ನೋಡಿದಳು. "ಮೈಕಣ್ಣನ ದನಿ ನಂಗೊತ್ತಿಲ್ವಾ? ಕಂಚಿನ ಗಂಟೆ. ನಿಂದು ಕೀರಲು. ಯಾರ ಕಡೆಯವನಯ್ಯಾ ನೀನು?"

ಸ್ಪೀಕರಿಲ್ಲದೆ ಅವನ ಗಂಟಲು ನಿಜಕ್ಕೂ ತೆಳ್ಳಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಹೆಚ್ಚಿನವರು ಅದನ್ನು ಮೈಕಿಲ್ಲದೆ ಕೇಳಿರಲಿಲ್ಲ. ಮುಖ ಗೊತ್ತಿದ್ದ ಮಹಡಿ ಅಜ್ಜಿ ಕಿಟಕಿಯಿಂದಲೇ ನಕ್ಕಳು. "ಹೆಂಡ್ತಿ ಬೈದ್ಲೇನೋ? ನಿನ್ನೆ ನಿಜ ಹೇಳ್ದೆ, ಇವತ್ತು ಹೆದರಿಕೊಂಡು ಸುಳ್ಳು ಹೇಳ್ತಿದ್ದೀಯ. ಹೋಗಪ್ಪ, ನೀರು ಕುಡಿದು ಮಲಗು."

ಕ್ಷೌರದವನು ವಾದಕ್ಕೇ ಬರಲಿಲ್ಲ, ಫೋನು ಒತ್ತಿದ. "ಗಮನಿಸೀ, ಗಮನಿಸೀ, ನೀರಿನ ಸುದ್ದೀ." ನಿನ್ನೆಯ ಕೂಗನ್ನು ಯಾರೋ ಹಿಡಿದಿಟ್ಟು ಊರಿಗೆಲ್ಲ ಹಂಚಿದ್ದರು. "ಇದು ನೀನಲ್ವಾ? ಇದನ್ನ ನಂಬಲಾ, ನಿನ್ನನ್ನ ನಂಬಲಾ?" ಆ ದಪ್ಪ ದನಿಯ ಮುಂದೆ ಮೈಕಣ್ಣನ ಮಾತು ಏಳಲಿಲ್ಲ. ಸಂಜೆಯ ಹೊತ್ತಿಗೆ ಗಂಟಲು ಪೂರ್ತಿ ಕಟ್ಟಿಹೋಯಿತು. ನಂಬಿದ್ದು ಎರಡು ಮನೆ, ಅದರಲ್ಲೊಂದರಲ್ಲಿ ಮತದ ವಯಸ್ಸಿನವರೇ ಇರಲಿಲ್ಲ.

ನಲ್ಲಿಯಣ್ಣ ಸೋತ. ಸಾಮಾನ್ಯ ಸೋಲಲ್ಲ, ಅವನದೇ ಬೀದಿಯಲ್ಲಿ ಬಿದ್ದದ್ದು ಮೂವತ್ತೊಂದೇ ಮತ. ಒಂಬತ್ತು ದಿನ ಅಕ್ಕಪಕ್ಕ ಕೂತಿದ್ದವರು ಈಗ ಒಂದೇ ಬೀದಿ ನಲ್ಲಿಯ ಮುಂದೆ ಎರಡು ಸಾಲು ಮಾಡಿಕೊಂಡು ನಿಂತರು, ಕೊಡಕ್ಕೆ ಕೊಡ ತಗುಲಿದರೆ ಜಗಳ.

ಮೈಕಣ್ಣ ಕೊನೆಗೂ ಆ ನಾಲ್ಕು ಹೆಜ್ಜೆ ನಡೆದ. ಹೆಂಡತಿ ಬಾಗಿಲಲ್ಲಿ ಕಂಡು ಒಳಗೆ ಸರಿದಳು. ನಲ್ಲಿಯಣ್ಣ ಕೆಲಸವೂ ಇಲ್ಲದೆ ಕುರ್ಚಿಯೂ ಇಲ್ಲದೆ ನೆಲದ ಮೇಲೆ ಕೂತು ಹಳೆಯ ವಾಲ್ವಿನ ತುಕ್ಕು ಉಜ್ಜುತ್ತಿದ್ದ.

"ಬೈಯೋ" ಎಂದ ಮೈಕಣ್ಣ. "ಹೊಡಿ ಬೇಕಾದ್ರೆ."

"ಯಾಕೆ ಭಾವ? ನಾನು ಮನೆಯೊಳಗೆ ಕೂತು ಕೇಳಿಸ್ಕೊಂಡೆ. ನಿನ್ನ ದನಿ, ಅದೂ ನೀರಿನ ಸುದ್ದಿ." ಉಜ್ಜುವ ಕೈ ನಿಲ್ಲಲಿಲ್ಲ. "ನಾನೇ ಎಲ್ಲೋ ಸಹಿ ಹಾಕಿದ್ನೇನೋ ಅಂತ ಒಂದು ಗಳಿಗೆ ನನಗೇ ಅನ್ನಿಸ್ಬಿಡ್ತು."

ಅದಕ್ಕಿಂತ ಹೊಡೆದಿದ್ದರೆ ಚೆನ್ನಾಗಿತ್ತು.

ಎರಡು ತಿಂಗಳಿಗೆ ಗೆದ್ದವರು ಪಂಪ್‌ಹೌಸನ್ನು ಗುತ್ತಿಗೆದಾರನಿಗೆ ಕೊಟ್ಟರು. ಮೀಟರಿನ ಸುದ್ದಿ ಸಾರುವ ಚೀಟಿ ಮೈಕಣ್ಣನ ಕೈಗೇ ಬಂತು. ಮೊದಲ ಬೀದಿಯಲ್ಲಿ ಓದಿ ಮುಗಿಸುವಷ್ಟರಲ್ಲಿ ಬೈಗುಳ ಶುರುವಾಯಿತು. ಗೆದ್ದವರಿಗಲ್ಲ. "ಆ ನಲ್ಲಿಯವನು ಆವತ್ತು ಸಹಿ ಹಾಕಿದ್ದಕ್ಕೇ ಇದೆಲ್ಲ! ಮೈಕಣ್ಣ ಮೊದಲೇ ಹೇಳಿದ್ದ."

ಮೈಕಣ್ಣ ಗಾಡಿ ನಿಲ್ಲಿಸಿ ಮತ್ತೆ ಗುಂಡಿ ಒತ್ತಿದ. ಈಗ ಮೈಕಿಗೆ ತಡೆಯಿರಲಿಲ್ಲ, ಸ್ಪೀಕರು ಎರಡೂ ಸರಿಯಿದ್ದವು. "ಅವನು ಸಹಿ ಹಾಕಿರ್ಲಿಲ್ಲ! ನಾನು ಸುಳ್ಳು ಹೇಳಿದ್ದೆ! ಕೇಳಿಸ್ತಾ? ಸುಳ್ಳು ಹೇಳಿದವನು ನಾನು!" ಬೀದಿಯ ಕೊನೆಯ ಗೋಡೆಗೆ ಬಡಿದು ಅದು ಎರಡು ಸಲ ಕೇಳಿಸಿತು.

ಮಹಡಿ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೋಡ್ರೇ, ಎಂಥ ದೊಡ್ಡ ಮನಸ್ಸು" ಎಂದಳು ಕೆಳಗಿನವರಿಗೆ. "ಆ ಕಳ್ಳನ ಮಾನ ಉಳಿಸೋಕೆ ಎಲ್ಲಾನೂ ತನ್ನ ಮೈಮೇಲೆ ಎಳ್ಕೊತಿದ್ದಾನೆ."

ಎಲ್ಲರೂ ಹೌದೆಂದು ತಲೆಯಾಡಿಸಿ ಕೊಡ ಎತ್ತಿಕೊಂಡು ಒಳಗೆ ಹೋದರು.