ಕಂಬದ ಪಕ್ಕದ ತಗ್ಗು
ಬೀದಿಯವರೆಲ್ಲ ಕಲ್ಲುಮಾವ ಎಂದು ಕರೆಯುವ ಭೂವಿಜ್ಞಾನಿಗೆ ಗಡಿಯಾರ ಕಟ್ಟಿ ಪ್ರಯೋಜನವಿಲ್ಲ. ಅವರ ಮಟ್ಟಿಗೆ ಹತ್ತು ಸಾವಿರ ವರ್ಷವೆಂದರೆ ಮೊನ್ನೆ. ದಾರಿಯಲ್ಲಿ ಹೊಸ ಕಲ್ಲು ಕಂಡರೆ ಮೊದಲು ನೆಕ್ಕುತ್ತಾರೆ, ಕನ್ನಡಕ ಆಮೇಲೆ; ಒದ್ದೆಯಾದರೇ ಕಲ್ಲು ನಿಜವಾದ ಬಣ್ಣ ತೋರಿಸುವುದಂತೆ. ಅಪರೂಪದ ಖನಿಜಗಳೆಲ್ಲ ಅಡುಗೆಮನೆಯ ಡಬ್ಬಿಗಳಲ್ಲಿ ಕೂತಿರುವುದರಿಂದ, ನೆಂಟರು ಉಪ್ಪು ಹಾಕಿಕೊಳ್ಳುವ ಮುಂಚೆ ಅವರ ಹೆಂಡತಿಯ ಮುಖ ನೋಡುತ್ತಾರೆ. ಊರಾಚೆಯ ಗುಡ್ಡ ವರ್ಷಕ್ಕೆ ಒಂದು ಕೂದಲೆಳೆಯಷ್ಟು ಸವೆಯುತ್ತಿದೆ ಎಂದು ಕಂಡುಹಿಡಿದವರೂ ಅವರೇ. ಅದನ್ನು ಅಳೆಯಲು ಹೊರಟಾಗಲೆಲ್ಲ, "ಈಗ ಬಂದೆ, ಬಡಿಸಿಡು" ಅನ್ನುತ್ತಾರೆ. ಊಟ ಆರಿ ಕಲ್ಲಾದರೂ ಆಸಾಮಿಯ ಸುಳಿವಿರುವುದಿಲ್ಲ. ಮನೆ ಕಟ್ಟಿಸುವಾಗ ಬಾಗಿಲ ಮುಂದಿನ ಮೆಟ್ಟಿಲಿಗೆ ಮರಳುಗಲ್ಲನ್ನು ತಾವೇ ಆರಿಸಿ, ಮಳೆ ಗಾಳಿ ಬಿಸಿಲೆಲ್ಲ ಲೆಕ್ಕ ಹಾಕಿ, "ಮರಿಮಕ್ಕಳ ಕಾಲಕ್ಕೂ ಇದು ಹೀಗೇ ಇರುತ್ತೆ" ಎಂದು ಮಾತು ಕೊಟ್ಟಿದ್ದರು. ಮೊನ್ನೆ, ಅಂದರೆ ನಮ್ಮ ನಿಮ್ಮ ಲೆಕ್ಕದ ಮೊನ್ನೆ, ಮೆಟ್ಟಿಲ ಮೇಲೆ ನೀರು ನಿಲ್ಲುತ್ತದೆಂದು ಕರೆಸಿದ ಗಾರೆಕೆಲಸದವನು ತಲೆ ಕೆರೆದುಕೊಂಡ. "ಓಡಾಡೋ ಜಾಗ ಚೆನ್ನಾಗೇ ಇದೆ ಸಾರ್, ಈ ಕಂಬದ ಪಕ್ಕ ಮಾತ್ರ ಯಾಕೆ ಹಿಂಗೆ ತಗ್ಗು ಬಿದ್ದಿದೆ?" ಕಲ್ಲುಮಾವ ನಾಲಗೆ ಸಿದ್ಧಮಾಡಿಕೊಂಡು ಬಗ್ಗಿದರು. "ನೆಕ್ಕಬೇಡಿ," ಎಂದರು ಹೆಂಡತಿ ಒಳಗಿನಿಂದಲೇ, "ದಿನಾ ಸಂಜೆ ನಿಮ್ಮ ದಾರಿ ನೋಡ್ತಾ ನಾನು ನಿಲ್ಲೋ ಜಾಗ ಅದು." ಕಲ್ಲುಮಾವ ಬಗ್ಗಿದಲ್ಲೇ ತಗ್ಗಿಗೆ ಬೆರಳಿಟ್ಟು ನೋಡಿದರು, ಗಾರೆಯವನನ್ನು ವಾಪಸ್ಸು ಕಳಿಸಿದರು. ಅಂದು ಗುಡ್ಡಕ್ಕೆ ಹೊರಡುವಾಗ "ಈಗ ಬಂದೆ" ಎನ್ನಲು ತೆರೆದ ಬಾಯಿಂದ "ನೀನೂ ಬಾ" ಎಂಬ ಮಾತು ಬಂತು. ಅವರು ಸುತ್ತಿಗೆ ಹುಡುಕುವಷ್ಟರಲ್ಲಿ ಹೆಂಡತಿ ಚಪ್ಪಲಿ ಮೆಟ್ಟಿ, ಬೀಗ ಹಿಡಿದು ನಿಂತಿದ್ದರು.